ಬೆಥೂನ್ ಶಾಲೆಯ ಹೆಣ್ಣುಮಕ್ಕಳು

ಕಲ್ಕತ್ತದ ಉತ್ತರ ಭಾಗದಲ್ಲಿ ಹೆದುವಾ ಎಂಬ ಹಳೆಯ ಕೊಳವೊಂದಿದೆ. ಅದರ ಪಶ್ಚಿಮಕ್ಕೆ, ಹಿಂದೆ ಕಾರ್ನ್‌ವಾಲಿಸ್ ಬೀದಿ ಎನಿಸಿಕೊಂಡಿದ್ದ ಈಗಿನ ಬಿಧಾನ್ ಸರಣಿಯಲ್ಲಿ ಬೆಥೂನ್ ಬಾಲಕಿಯರ ಶಾಲೆ ಇದೆ. 1849ರ ಮೇ 7ರಂದು 21 ಹುಡುಗಿಯರನ್ನು ಕೂರಿಸಿಕೊಂಡು ಆರಂಭವಾದ ಈ ಶಾಲೆ 1856ರಲ್ಲಿ ಸರ್ಕಾರದ ಕೈಗೆ ಬಂತು. ಇಂದಿಗೂ ಸರ್ಕಾರಿ ಪ್ರೌಢಶಾಲೆಯಾಗಿಯೇ ನಡೆಯುತ್ತಿದೆ. ಇದರ ಮಡಿಲಲ್ಲೇ ಹುಟ್ಟಿ ಬೆಳೆದದ್ದು ಬೆಥೂನ್ ಕಾಲೇಜು. ಎರಡಕ್ಕೂ ಒಂದೇ ಹೆಸರಾದ್ದರಿಂದ ಹಳೆಯ ವಿದ್ಯಾರ್ಥಿನಿಯರ ಚರಿತ್ರೆ ಬರೆಯುವವರು ಶಾಲೆಯಲ್ಲಿ ಓದಿದವರನ್ನೂ ಕಾಲೇಜಿನಲ್ಲಿ ಓದಿದವರನ್ನೂ ಬೆರೆಸಿಬಿಡುತ್ತಾರೆ. ಬೆರೆಸುವುದು ಪೂರ್ತಿ ತಪ್ಪೂ ಅಲ್ಲ. ಆರಂಭದಲ್ಲಿ ಕಾಲೇಜು ಎಂದರೆ ಶಾಲೆಯ ಒಂದು ಕೊಠಡಿ, ಒಬ್ಬ ಅಧ್ಯಾಪಕ, ಒಬ್ಬಳೇ ವಿದ್ಯಾರ್ಥಿನಿ.

ಇದನ್ನು ಭಾರತದ ಮೊದಲ ಹೆಣ್ಣುಮಕ್ಕಳ ಶಾಲೆ ಎಂದು ಕರೆಯುವ ವಾಡಿಕೆಯಿದೆ. ಅದು ಸರಿಯಲ್ಲ. ಮಿಷನರಿಗಳ ಬಾಲಿಕಾ ಶಾಲೆಗಳು ಕಲ್ಕತ್ತದಲ್ಲಿ 1820ರ ದಶಕದಲ್ಲೇ ಇದ್ದವು. ಕಲ್ಕತ್ತಕ್ಕೆ ಹತ್ತಿರದ ಬಾರಾಸಾತ್‌ನಲ್ಲಿ ಪ್ಯಾರೀಚರಣ ಸರ್ಕಾರ್ ಮತ್ತು ಅವರ ಗೆಳೆಯರು 1847ರಲ್ಲಿ ಒಂದು ಶಾಲೆ ತೆರೆದಿದ್ದರು. ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಆರಂಭಿಸಿದ್ದರು. ಬೆಥೂನ್ ಶಾಲೆಯ ಮಹತ್ವ ಮೊದಲು ಹುಟ್ಟಿದ್ದರಲ್ಲಿ ಇಲ್ಲ. 1849ರಲ್ಲಿ ಬಾಗಿಲು ತೆರೆದ ಶಾಲೆಯಿಂದ ಒಬ್ಬ ಹುಡುಗಿ ವಿಶ್ವವಿದ್ಯಾಲಯದ ಎಂಟ್ರೆನ್ಸ್ ಪರೀಕ್ಷೆಗೆ ಕೂತದ್ದು 1878ರಲ್ಲಿ. ನಡುವಿನ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಟ್ಟಡವಿತ್ತು, ಹಣವಿತ್ತು, ದೊಡ್ಡವರ ಬೆಂಬಲವಿತ್ತು; ಆದರೂ ಹೆಸರು ಹೇಳಬಹುದಾದ ಹಳೆಯ ವಿದ್ಯಾರ್ಥಿನಿಯರು ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಹನ್ನೆರಡು ವರ್ಷಗಳಲ್ಲಿ ಪದವೀಧರೆಯರು, ವೈದ್ಯೆ, ಕವಯಿತ್ರಿ, ಪ್ರಾಂಶುಪಾಲೆ ಎಲ್ಲರೂ ಬಂದರು. ಈ ಶಾಲೆಯ ಚರಿತ್ರೆಯಲ್ಲಿ ವಿವರಿಸಬೇಕಾದ ಮುಖ್ಯ ಸಂಗತಿ ಇದೇ. ಹುಡುಗಿಯರನ್ನು ಶಾಲೆಗೆ ಕರೆತರುವುದು ಒಂದು ಕಷ್ಟ. ಶಾಲೆಯಲ್ಲಿ ಉಳಿಸಿಕೊಳ್ಳುವುದು ಬೇರೆಯೇ ಕಷ್ಟ, ಅದಕ್ಕಿಂತ ದೊಡ್ಡದು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಬಂಗಾಳದಲ್ಲಿ ಓದು ಕಲಿತ ಹೆಣ್ಣು ಬೇಗ ವಿಧವೆಯಾಗುತ್ತಾಳೆ ಎಂಬ ನಂಬಿಕೆ ಮೇಲುಜಾತಿಯ ಮನೆಗಳಲ್ಲಿ ಹರಡಿತ್ತು. 1830ರ ದಶಕದಲ್ಲಿ ಬಂಗಾಳದ ಶಿಕ್ಷಣ ಸ್ಥಿತಿಯನ್ನು ಊರೂರು ಸುತ್ತಿ ದಾಖಲಿಸಿದ ವಿಲಿಯಂ ಆಡಮ್ ತಮ್ಮ ವರದಿಯಲ್ಲಿ ಇದನ್ನು ಬರೆದಿದ್ದಾರೆ. ರಾಸಸುಂದರಿ ದೇವಿ ಎಂಬ ಗೃಹಿಣಿ ಅಡುಗೆಮನೆಯಲ್ಲಿ ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಬಚ್ಚಿಟ್ಟುಕೊಂಡು, ಮಗ ಬರೆದು ಬಿಸಾಡಿದ ತಾಳೆಗರಿಯ ಅಕ್ಷರಗಳೊಂದಿಗೆ ಹೋಲಿಸಿ ನೋಡುತ್ತ ಕದ್ದು ಓದು ಕಲಿತರು. ಮುಂದೆ ಅವರೇ ‘ಆಮಾರ್ ಜೀಬನ್’ ಎಂಬ ಆತ್ಮಕಥೆ ಬರೆದರು. ಬಂಗಾಳಿ ಹೆಂಗಸೊಬ್ಬರ ಮೊದಲ ಆತ್ಮಕಥೆ ಅದು. ಓದುವ ಆಸೆ ಹೆಂಗಸರಲ್ಲಿ ಇರಲಿಲ್ಲ ಎಂಬ ಮಾತಿಗೆ ಉತ್ತರವಾಗಿ ಈ ಒಂದು ಪುಸ್ತಕ ಸಾಕು.

ಶಾಲೆಗೆ ಹೆಸರು ಕೊಟ್ಟ ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ 1801ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಲಂಡನ್ನಿನಲ್ಲಿ ಸರ್ಕಾರದ ಮಸೂದೆಗಳನ್ನು ಬರೆಯುವ ವಕೀಲರಾಗಿದ್ದು, 1848ರಲ್ಲಿ ಗವರ್ನರ್ ಜನರಲ್ ಮಂಡಲಿಯ ಕಾನೂನು ಸದಸ್ಯರಾಗಿ ಕಲ್ಕತ್ತಕ್ಕೆ ಬಂದರು. ಶಿಕ್ಷಣ ಮಂಡಲಿಯ ಅಧ್ಯಕ್ಷತೆಯೂ ಅವರದೇ ಆಯಿತು. ಇಂಗ್ಲಿಷಿನಲ್ಲಿ ಕಾವ್ಯ ಬರೆದು ಕಳಿಸಿದ ಮೈಕೇಲ್ ಮಧುಸೂದನ ದತ್ತರಿಗೆ, ನಿಮ್ಮ ಶಕ್ತಿಯನ್ನು ನಿಮ್ಮ ನುಡಿಗೆ ಕೊಡಿ ಎಂಬ ಅರ್ಥದ ಸಲಹೆ ಕಳಿಸಿದವರು ಇವರೇ. ಬಂಗಾಳಿ ಗಣ್ಯರು ಈ ಇಂಗ್ಲಿಷ್ ಅಧಿಕಾರಿಯನ್ನು ನಂಬಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಜಿಲ್ಲೆಗಳಲ್ಲಿ ನೆಲೆಸಿದ್ದ ಯುರೋಪಿಯನ್ನರನ್ನೂ ಕಂಪನಿಯ ನ್ಯಾಯಾಲಯಗಳ ವ್ಯಾಪ್ತಿಗೆ ತರುವ ಮಸೂದೆಗಳನ್ನು ಬೆಥೂನ್ 1849ರಲ್ಲಿ ಸಿದ್ಧಪಡಿಸಿದ್ದರು. ಕಲ್ಕತ್ತದ ಬಿಳಿಯರು ಅವಕ್ಕೆ ‘ಕರಾಳ ಕಾಯಿದೆಗಳು’ ಎಂದು ಹೆಸರಿಟ್ಟು ಗದ್ದಲವೆಬ್ಬಿಸಿದರು, ಮಸೂದೆಗಳು ಬಿದ್ದುಹೋದವು. ಬಂಗಾಳಿಗಳ ಕಡೆಯಿಂದ ಅವನ್ನು ಬಹಿರಂಗವಾಗಿ ಸಮರ್ಥಿಸಿದ ವರ್ತಕ ರಾಮಗೋಪಾಲ ಘೋಷ್, ಹೆಣ್ಣುಮಕ್ಕಳ ಶಾಲೆಗೂ ಮೊದಲ ಬೆಂಬಲಿಗರಲ್ಲಿ ಒಬ್ಬರಾದರು.

ಶಾಲೆ ಆರಂಭವಾದದ್ದು ದಕ್ಷಿಣಾರಂಜನ ಮುಖರ್ಜಿಯವರ ಮನೆಯಲ್ಲಿ. ಅವರು ಮನೆಯ ಜೊತೆಗೆ ನಿವೇಶನವನ್ನೂ ಕೊಟ್ಟರು; ಮುಂದೆ ಆ ಜಾಗಕ್ಕೆ ಬದಲಾಗಿ ಸರ್ಕಾರದಿಂದ ಹೆದುವಾ ಪಕ್ಕದ ನಿವೇಶನ ಸಿಕ್ಕಿತು. ಹಿಂದೂ ಬಾಲಿಕಾ ಶಾಲೆ ಎಂಬುದು ಆಗಿನ ಹೆಸರು. ಬೆಥೂನ್ ಹಾಕಿಕೊಂಡ ನಿಯಮಗಳು ಸ್ಪಷ್ಟವಾಗಿದ್ದವು. ಧರ್ಮಬೋಧೆ ಇಲ್ಲ. ಪಾಠ ಬಂಗಾಳಿಯಲ್ಲಿ, ಮನೆಯವರು ಬಯಸಿದರೆ ಮಾತ್ರ ಇಂಗ್ಲಿಷ್. ಜೊತೆಗೆ ಹೊಲಿಗೆ, ಕಸೂತಿ. ಶುಲ್ಕವಿಲ್ಲ, ಪುಸ್ತಕಕ್ಕೆ ಹಣವಿಲ್ಲ, ಹೋಗಿಬರಲು ಗಾಡಿ. ಮಿಷನರಿ ಶಾಲೆಗಳಿಗೆ ಕಾಯಸ್ಥ, ಬ್ರಾಹ್ಮಣ ಮನೆಗಳು ಮಕ್ಕಳನ್ನು ಕಳಿಸದಿದ್ದದ್ದು ಮತಾಂತರದ ಭಯದಿಂದ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ಅರ್ಧ ಸರಿಯಾಗಿತ್ತು.

ಮೊದಲ ದಿನ ಬಂದವರಲ್ಲಿ ಭುವನಮಾಲಾ, ಕುಂದಮಾಲಾ ಎಂಬ ಇಬ್ಬರು ಅಕ್ಕತಂಗಿಯರಿದ್ದರು. ಅವರ ತಂದೆ ಮದನಮೋಹನ ತರ್ಕಾಲಂಕಾರ ಸಂಸ್ಕೃತ ಕಾಲೇಜಿನ ಪಂಡಿತರು. ಶಾಸ್ತ್ರ ಬಲ್ಲ ಬ್ರಾಹ್ಮಣನೇ ಹೆಣ್ಣುಮಕ್ಕಳನ್ನು ಬೀದಿ ದಾಟಿಸಿ ಶಾಲೆಗೆ ಕಳಿಸಿದ್ದು ಮಡಿವಂತರಿಗೆ ಎಲ್ಲಕ್ಕಿಂತ ಚುಚ್ಚಿದ ಸಂಗತಿ. ಅವರ ಊರಿನ ಸಮಾಜ ಅವರಿಗೆ ಬಹಿಷ್ಕಾರ ಹಾಕಿತು. ಮದನಮೋಹನರು ಜಗ್ಗಲಿಲ್ಲ, ಸಂಬಳವಿಲ್ಲದೆ ಶಾಲೆಯಲ್ಲಿ ಪಾಠ ಹೇಳಿದರು, ಈ ಹುಡುಗಿಯರಿಗಾಗಿಯೇ ‘ಶಿಶುಶಿಕ್ಷಾ’ ಎಂಬ ಬಾಲಬೋಧೆಯನ್ನು ಬರೆದರು. ಈಶ್ವರಚಂದ್ರ ವಿದ್ಯಾಸಾಗರರ ಪ್ರಸಿದ್ಧ ‘ವರ್ಣಪರಿಚಯ’ ಬಂದದ್ದು ಇದಾದ ಮೇಲೆ, 1855ರಲ್ಲಿ. ಬಂಗಾಳದ ಗಂಡುಮಕ್ಕಳು ಕೂಡ ತಲೆಮಾರುಗಳ ಕಾಲ ಓದಿದ ಪ್ರೈಮರ್ ಒಂದು ಮೂಲತಃ ಹೆಣ್ಣುಮಕ್ಕಳ ಶಾಲೆಗೆ ಬರೆದದ್ದು ಎಂಬುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ವಿರೋಧಕ್ಕೆ ಹೆದರಿ ಹಲವರು ಮಕ್ಕಳನ್ನು ಬಿಡಿಸಿಕೊಂಡರು. ಕೆಲಕಾಲ ಹಾಜರಿ ಬೆರಳೆಣಿಕೆಗೆ ಇಳಿಯಿತು. ‘ಸಂಬಾದ್ ಪ್ರಭಾಕರ್’ ಪತ್ರಿಕೆಯ ಕವಿ ಈಶ್ವರ ಗುಪ್ತರು ಓದಿದ ಹುಡುಗಿಯರು ನಾಳೆ ತಾವೇ ಗಾಡಿ ಹೊಡೆದುಕೊಂಡು ಮೈದಾನಕ್ಕೆ ಗಾಳಿ ಸೇವಿಸಲು ಹೋದಾರು ಎಂದು ಪದ್ಯದಲ್ಲಿ ಅಣಕಿಸಿದರು. 1850ರ ಕೊನೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಶಾಲೆಯ ಗೌರವ ಕಾರ್ಯದರ್ಶಿಯಾದರು. ಹುಡುಗಿಯರನ್ನು ಕರೆತರುವ ಗಾಡಿಯ ಪಕ್ಕದಲ್ಲಿ, ಮಗಳನ್ನೂ ಮಗನಷ್ಟೇ ಜತನದಿಂದ ಸಾಕಿ ಓದಿಸಬೇಕು ಎಂಬ ಅರ್ಥದ ‘ಮಹಾನಿರ್ವಾಣ ತಂತ್ರ’ದ ಸಂಸ್ಕೃತ ಮಾತನ್ನು ಅವರು ಬರೆಸಿದರು. ಮಡಿವಂತರ ವಾದವೂ ಶಾಸ್ತ್ರದ್ದೇ ಆಗಿದ್ದರಿಂದ ಉತ್ತರವೂ ಶಾಸ್ತ್ರದಿಂದಲೇ ಬಂತು. ಇಂಗ್ಲಿಷ್ ಅಧಿಕಾರಿಯ ಶಾಲೆ ಉತ್ತರ ಕಲ್ಕತ್ತದ ಗಲ್ಲಿಗಳಲ್ಲಿ ದಿನವೂ ಎರಡು ಸಲ ಆ ಸಾಲನ್ನು ಹೊತ್ತು ಓಡಾಡಿತು. ಅದಕ್ಕಿಂತ ಒಳ್ಳೆಯ ಜಾಹೀರಾತು ಆ ಕಾಲಕ್ಕೆ ಸಿಗುತ್ತಿರಲಿಲ್ಲ.

1850ರ ನವೆಂಬರಿನಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಕಟ್ಟಡ ಮುಗಿಯುವುದನ್ನು ಬೆಥೂನ್ ನೋಡಲಿಲ್ಲ. 1851ರ ಆಗಸ್ಟ್ 12ರಂದು ತೀರಿಕೊಂಡರು. ಮುಂದಿನ ತಿಂಗಳು ಶಾಲೆ ಹೆದುವಾ ಪಕ್ಕದ ಮನೆಗೆ ಬಂತು. ಗವರ್ನರ್ ಜನರಲ್ ಡಾಲ್‌ಹೌಸಿ ತಾವು ಭಾರತ ಬಿಡುವವರೆಗೂ ಶಾಲೆಯ ಖರ್ಚನ್ನು ಸ್ವಂತ ಜೇಬಿನಿಂದ ಕೊಟ್ಟರು. ಸಂಸ್ಥಾನಗಳನ್ನು ಒಂದೊಂದಾಗಿ ನುಂಗಿದ ಅದೇ ಡಾಲ್‌ಹೌಸಿ. ಅವರು ಹೊರಟ ವರ್ಷವೇ, 1856ರಲ್ಲಿ, ಶಾಲೆ ಸರ್ಕಾರಕ್ಕೆ ಸೇರಿತು. ದೇವೇಂದ್ರನಾಥ ಠಾಕೂರರು ತಮ್ಮ ಹಿರಿಯ ಮಗಳು ಸೌದಾಮಿನಿಯನ್ನು 1851ರಲ್ಲಿ ಇಲ್ಲಿಗೆ ಸೇರಿಸಿದ್ದರು. ಉಳಿದ ಶ್ರೀಮಂತರಿಗೆ ಮೇಲ್ಪಂಕ್ತಿಯಾಗಲಿ ಎಂಬುದು ಅವರ ಉದ್ದೇಶ.

ಆದರೆ ಸೌದಾಮಿನಿಯ ಓದು ಎಲ್ಲಿಯವರೆಗೆ ಹೋಗಬಹುದಿತ್ತು? ಎಂಟು, ಒಂಬತ್ತು, ಹೆಚ್ಚೆಂದರೆ ಹನ್ನೊಂದು ವರ್ಷಕ್ಕೆ ಮದುವೆ. ಮದುವೆಯಾದ ಮೇಲೆ ಶಾಲೆಯಿಲ್ಲ. ಅಕ್ಷರ, ಕೂಡಿಸು-ಕಳೆ, ಒಂದಷ್ಟು ಭೂಗೋಳ, ಸೂಜಿ ಕೆಲಸ ಇಷ್ಟಾಗುವಷ್ಟರಲ್ಲಿ ಗಾಡಿ ಆ ಮನೆಗೆ ಹೋಗುವುದು ನಿಲ್ಲುತ್ತಿತ್ತು. ಕಳಿಸುವ ಮನೆಗಳು ಹೆಚ್ಚಿದವು, ಪಾಠದ ಮಟ್ಟ ಮಾತ್ರ ಏರಲಿಲ್ಲ. ಮೇಲಿನ ತರಗತಿ ತೆರೆದರೆ ಕೂರುವವರು ಬೇಕಲ್ಲ. ಬ್ರಿಟನ್ನಿನಿಂದ 1866ರಲ್ಲಿ ಬಂದ ಮೇರಿ ಕಾರ್ಪೆಂಟರ್ ಒತ್ತಾಯದ ಮೇಲೆ ಶಿಕ್ಷಕಿಯರ ತರಬೇತಿ ವಿಭಾಗವೊಂದನ್ನು ಶಾಲೆಗೆ ಸೇರಿಸಲಾಯಿತು. ಮನೆಬಿಟ್ಟು ಬಂದು ದುಡಿಯುವ ಗೌರವಸ್ಥ ಹೆಂಗಸರು ಈ ಸಮಾಜದಲ್ಲಿ ಸದ್ಯಕ್ಕೆ ಸಿಗುವುದಿಲ್ಲ ಎಂದು ವಿದ್ಯಾಸಾಗರರು ಮೊದಲೇ ಎಚ್ಚರಿಸಿದ್ದರು. ಮೂರು ವರ್ಷದೊಳಗೆ ಆ ವಿಭಾಗ ಮುಚ್ಚಿತು. 1857-58ರಲ್ಲಿ ಬಂಗಾಳದ ನಾಲ್ಕು ಜಿಲ್ಲೆಗಳಲ್ಲಿ ಮೂವತ್ತೈದು ಬಾಲಿಕಾ ಶಾಲೆಗಳನ್ನು ತೆರೆದು, ಸರ್ಕಾರ ಹಣ ಕೊಡಲು ಹಿಂತೆಗೆದಾಗ ಕೈಸುಟ್ಟುಕೊಂಡವರು ಅವರು. ಅನುಭವದ ಮಾತು ಅದು.

ಗಂಟು ಬಿಚ್ಚಿದ್ದು ಶಾಲೆಯ ಹೊರಗೆ. ಬ್ರಾಹ್ಮ ಸಮಾಜದ ತರುಣರು ಬಾಲ್ಯವಿವಾಹವನ್ನು ಕೈಬಿಡುತ್ತಿದ್ದರು. ಅವರ ಒತ್ತಾಯದಿಂದ ಬಂದ 1872ರ ಮೂರನೆಯ ಕಾಯಿದೆ, ಅದರ ಅಡಿಯಲ್ಲಿ ಮದುವೆಯಾಗುವವರಿಗೆ ಹುಡುಗಿಯ ವಯಸ್ಸು ಕನಿಷ್ಠ ಹದಿನಾಲ್ಕು ಎಂದು ಗೊತ್ತುಮಾಡಿತು. ಸಂಖ್ಯೆಯಲ್ಲಿ ಬ್ರಾಹ್ಮರು ಹಿಡಿಯಷ್ಟು ಜನ; ಆದರೆ ಅವರ ಮನೆಗಳಲ್ಲಿ ಹನ್ನೆರಡು, ಹದಿಮೂರು, ಹದಿನೈದು ವರ್ಷದ ಮದುವೆಯಾಗದ ಹುಡುಗಿಯರು ಇದ್ದರು, ಅವರಿಗೆ ಮುಂದಿನ ತರಗತಿ ಬೇಕಿತ್ತು. ಹೆಣ್ಣುಮಕ್ಕಳ ಪ್ರೌಢಶಿಕ್ಷಣದ ಚರಿತ್ರೆಯನ್ನು ಉದಾರಿಗಳ ದಾನದ ಚರಿತ್ರೆಯಾಗಿ ಬರೆಯುವವರು ಈ ಮದುವೆಯ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಬೆಥೂನರ ಹಣದಿಂದ ಆಗದ ಕೆಲಸ ನಾಲ್ಕೈದು ವರ್ಷ ತಡವಾದ ಮದುವೆಯಿಂದ ಆಯಿತು.

ಇಂಗ್ಲೆಂಡಿನಿಂದ ಬಂದ ಆನೆಟ್ ಅಕ್ರಾಯ್ಡ್ 1873ರಲ್ಲಿ ದೊಡ್ಡ ಹುಡುಗಿಯರಿಗಾಗಿ ವಸತಿ ಶಾಲೆಯೊಂದನ್ನು ತೆರೆದರು. ಅದು ನಿಂತಾಗ ದುರ್ಗಾಮೋಹನ ದಾಸ್, ದ್ವಾರಕಾನಾಥ ಗಂಗೂಲಿ, ಆನಂದಮೋಹನ ಬೋಸ್ ಸೇರಿ 1876ರಲ್ಲಿ ಬಂಗ ಮಹಿಳಾ ವಿದ್ಯಾಲಯ ಎಂಬ ಹೆಸರಿನಲ್ಲಿ ಮುಂದುವರಿಸಿದರು. ದ್ವಾರಕಾನಾಥರು ಅಲ್ಲಿ ಮೇಷ್ಟರು, ಮೇಲ್ವಿಚಾರಕರು ಎಲ್ಲವೂ ಆಗಿದ್ದರೆಂದು ಸಮಕಾಲೀನರು ಬರೆದಿದ್ದಾರೆ. ಈ ಶಾಲೆಯಲ್ಲಿ ಒಳ್ಳೆಯ ವಿದ್ಯಾರ್ಥಿನಿಯರಿದ್ದರು, ಹಣವಿರಲಿಲ್ಲ. ಬೆಥೂನ್ ಶಾಲೆಯಲ್ಲಿ ಕಟ್ಟಡವೂ ಸರ್ಕಾರದ ಅನುದಾನವೂ ಇದ್ದವು, ದೊಡ್ಡ ಹುಡುಗಿಯರಿರಲಿಲ್ಲ. 1878ರ ಆಗಸ್ಟ್ 1ರಂದು ಎರಡನ್ನೂ ಒಂದುಗೂಡಿಸಲಾಯಿತು. ಹೆಸರು ಹಳೆಯದೇ ಉಳಿಯಿತು. ಆದರೆ ಇಂದು ಬೆಥೂನ್ ಶಾಲೆಯ ಕೀರ್ತಿ ಎಂದು ಹೇಳುವುದರ ಬಹುಪಾಲು ಆ ಬಡ ಬ್ರಾಹ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತು ಬಂದದ್ದು.

ಹಾಗೆ ಬಂದವರಲ್ಲಿ ಕಾದಂಬಿನಿ ಬಸು ಒಬ್ಬರು. ಬಂಗ ಮಹಿಳಾ ವಿದ್ಯಾಲಯದಲ್ಲಿ ಅವರ ಜೊತೆ ಎಂಟ್ರೆನ್ಸ್‌ಗೆ ಸಿದ್ಧವಾಗುತ್ತಿದ್ದ ದುರ್ಗಾಮೋಹನರ ಮಗಳು ಸರಳಾ ದಾಸ್‌ಗೆ ಮದುವೆಯಾಯಿತು, ಪರೀಕ್ಷೆ ತಪ್ಪಿತು. ಕಾದಂಬಿನಿ ಒಬ್ಬರೇ 1878ರ ಡಿಸೆಂಬರಿನಲ್ಲಿ ಕೂತು, ಒಂದೇ ಒಂದು ಅಂಕದಿಂದ ಮೊದಲ ದರ್ಜೆ ತಪ್ಪಿಸಿಕೊಂಡು ತೇರ್ಗಡೆಯಾದರು. ಅದೇ ವರ್ಷ ಕಲ್ಕತ್ತ ವಿಶ್ವವಿದ್ಯಾಲಯ ಹೆಂಗಸರಿಗೆ ಪದವಿ ಪರೀಕ್ಷೆಗಳನ್ನು ತೆರೆಯಲು ತೀರ್ಮಾನಿಸಿತ್ತು. ಎರಡು ವರ್ಷ ಮೊದಲು ಡೆಹ್ರಾಡೂನಿನ ಕ್ರೈಸ್ತ ಹುಡುಗಿ ಚಂದ್ರಮುಖಿ ಬಸು ಪರೀಕ್ಷೆಗೆ ಕೂರಲು ಬಯಸಿದಾಗ, ಉತ್ತರ ಬರೆಯಲಿ, ಆದರೆ ಫಲಿತಾಂಶದ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ ಎಂಬ ವಿಚಿತ್ರ ಷರತ್ತು ಹಾಕಲಾಗಿತ್ತು. ಪರೀಕ್ಷಕರು ಆಕೆ ತೇರ್ಗಡೆಯ ಮಟ್ಟ ಮುಟ್ಟಿದ್ದಾಳೆ ಎಂದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಕಾದಂಬಿನಿ ಮುಂದೆ ಓದಬೇಕೆಂದದ್ದರಿಂದ 1879ರಲ್ಲಿ ಬೆಥೂನ್ ಶಾಲೆಯಲ್ಲಿ ಪದವಿಗೆ ಮುಂಚಿನ ಎಫ್.ಎ. ತರಗತಿ ಹುಟ್ಟಿತು. ಒಬ್ಬ ವಿದ್ಯಾರ್ಥಿನಿಗಾಗಿ ಕಾಲೇಜು. ಚಂದ್ರಮುಖಿ ಕ್ರೈಸ್ತರಾದ್ದರಿಂದ ಆರಂಭದಲ್ಲಿ ಇಲ್ಲಿಗೆ ಸೇರಲಾಗದೆ ಮಿಷನ್ ಶಾಲೆಯೊಂದರಲ್ಲಿ ಎಫ್.ಎ. ಮುಗಿಸಿದರು; ಹಿಂದೂಗಳಿಗೆ ಮಾತ್ರ ಎಂಬ ನಿಯಮ ಸಡಿಲವಾದ ಮೇಲೆ ಬಿ.ಎ.ಗೆ ಇಲ್ಲಿಗೆ ಬಂದರು. 1883ರ ಘಟಿಕೋತ್ಸವದಲ್ಲಿ ಇಬ್ಬರಿಗೂ ಒಟ್ಟಿಗೆ ಬಿ.ಎ. ಪದವಿ ಸಿಕ್ಕಿತು. ಇವರನ್ನು ಬ್ರಿಟಿಷ್ ಸಾಮ್ರಾಜ್ಯದ ಮೊದಲ ಪದವೀಧರೆಯರು ಎಂದು ಬರೆಯುವುದು ಈಗಲೂ ಕಾಣುತ್ತದೆ. ಅದು ಅಭಿಮಾನದ ಮಾತು, ಚರಿತ್ರೆಯಲ್ಲ. ನ್ಯೂಜಿಲೆಂಡಿನಲ್ಲಿ ಕೇಟ್ ಎಡ್ಜರ್ 1877ರಲ್ಲೇ ಪದವಿ ಪಡೆದಿದ್ದರು. ಭಾರತದ ಮೊದಲಿಗರು ಎಂಬುದು ನಿಜ, ಅಷ್ಟೇ ಸಾಕು. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟದ್ದು 1920ರಲ್ಲಿ, ಸಂಸ್ಥಾಪಕ ಬೆಥೂನ್ ಓದಿದ ಕೇಂಬ್ರಿಜ್ 1948ರಲ್ಲಿ.

ಚಂದ್ರಮುಖಿ 1884ರಲ್ಲಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದರು. ವಿದ್ಯಾಸಾಗರರು ಸಂತೋಷಪಟ್ಟು ಷೇಕ್ಸ್‌ಪಿಯರ್ ಕೃತಿಗಳ ಸಂಪುಟವನ್ನು ಉಡುಗೊರೆಯಾಗಿ ಕಳಿಸಿದರು. ಆಕೆ ಬೆಥೂನ್‌ನಲ್ಲೇ ಅಧ್ಯಾಪಕಿಯಾಗಿ, 1888ರಲ್ಲಿ ಕಾಲೇಜು ಶಾಲೆಯಿಂದ ಬೇರೆಯಾದಾಗ ಅದರ ಪ್ರಾಂಶುಪಾಲೆಯಾದರು. ಫಲಿತಾಂಶದ ಪಟ್ಟಿಯಲ್ಲಿ ಹೆಸರು ಹಾಕಲೊಲ್ಲದ ವಿಶ್ವವಿದ್ಯಾಲಯಕ್ಕೆ ಹನ್ನೆರಡು ವರ್ಷಗಳ ಬಳಿಕ ಅಭ್ಯರ್ಥಿಗಳ ಪಟ್ಟಿ ಕಳಿಸುವ ಅಧಿಕಾರ ಅವರದಾಯಿತು. ಆರೋಗ್ಯ ಕೆಟ್ಟು ಬೇಗನೆ ನಿವೃತ್ತಿ ಪಡೆದು ಡೆಹ್ರಾಡೂನಿಗೆ ಮರಳಿದರು, 1944ರವರೆಗೂ ಬದುಕಿದ್ದರು.

ಕಾದಂಬಿನಿಯ ದಾರಿ ಕಠಿಣವಾಗಿತ್ತು. ಪದವಿ ಬಂದ ವರ್ಷವೇ ತಮ್ಮ ಗುರು ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾಗಿ, ಕಲ್ಕತ್ತ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದರು. ಕಾಲೇಜಿನ ಅಧ್ಯಾಪಕರು ವಿರೋಧಿಸಿದರು. ಲೆಫ್ಟಿನೆಂಟ್ ಗವರ್ನರ್ ಆದೇಶದಿಂದ ಪ್ರವೇಶ ಸಿಕ್ಕಿತು. ಕೊನೆಯ ಪರೀಕ್ಷೆಯಲ್ಲಿ ಒಂದು ಪ್ರಾಯೋಗಿಕ ವಿಷಯದಲ್ಲಿ ಅನುತ್ತೀರ್ಣರಾದ ಕಾರಣ ಎಂ.ಬಿ. ಪದವಿಯ ಬದಲು 1886ರಲ್ಲಿ ಕಾಲೇಜಿನ ಡಿಪ್ಲೊಮಾ ದೊರೆಯಿತು. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಎಂ.ಡಿ. ಪಡೆದರು, ಮರುವರ್ಷ ತೀರಿಕೊಂಡರು. ‘ಮೊದಲ ವೈದ್ಯೆ ಯಾರು’ ಎಂಬ ಜಗಳದಲ್ಲಿ ಹೆಚ್ಚು ಹುರುಳಿಲ್ಲ. ಆನಂದಿಬಾಯಿಗೆ ರೋಗಿಗಳನ್ನು ನೋಡುವಷ್ಟು ಆಯುಷ್ಯ ಸಿಗಲಿಲ್ಲ, ಕಾದಂಬಿನಿ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. 1893ರಲ್ಲಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಿ ಮೂರು ವೈದ್ಯಕೀಯ ಅರ್ಹತೆಗಳನ್ನು ಪಡೆದು ಬಂದರು. ಡಿಪ್ಲೊಮಾ ಬಗ್ಗೆ ಕೊಂಕು ನುಡಿಯುತ್ತಿದ್ದವರ ಬಾಯಿ ಅದರಿಂದ ಮುಚ್ಚಿತು. ಅದಕ್ಕೂ ಮೊದಲು, 1891ರಲ್ಲಿ, ‘ಬಂಗಬಾಸಿ’ ಪತ್ರಿಕೆ ರಾತ್ರಿ ಹೊತ್ತು ರೋಗಿಗಳ ಮನೆಗೆ ಹೋಗುವ ಈ ವೈದ್ಯೆಯ ನಡತೆಯ ಬಗ್ಗೆ ಹೊಲಸು ಬರೆದಿತ್ತು. ಗಂಡಹೆಂಡಿರು ಮೊಕದ್ದಮೆ ಹೂಡಿದರು. ಸಂಪಾದಕನಿಗೆ ಆರು ತಿಂಗಳ ಜೈಲು, ನೂರು ರೂಪಾಯಿ ದಂಡ ಆಯಿತು. 1923ರ ಅಕ್ಟೋಬರ್ 3ರಂದು ಕಾದಂಬಿನಿ ತೀರಿಕೊಂಡಾಗ, ಆ ದಿನವೂ ಒಂದು ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದಿದ್ದರು ಎಂದು ಮನೆಯವರ ನೆನಪು.

ಮೆಡಿಕಲ್ ಕಾಲೇಜಿನ ಬಾಗಿಲು ಇನ್ನೂ ತೆರೆಯದಿದ್ದಾಗ ಅದನ್ನು ಬಡಿದವರು ಸರಳಾ ದಾಸ್ ಅವರ ತಂಗಿ ಅಬಲಾ. ಕಲ್ಕತ್ತದಲ್ಲಿ ಜಾಗ ಸಿಗದೆ 1882ರಲ್ಲಿ ಬಂಗಾಳ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಹೋದರು. ಅನಾರೋಗ್ಯದಿಂದ ಓದು ನಿಂತಿತು. ವಿಜ್ಞಾನಿ ಜಗದೀಶಚಂದ್ರ ಬೋಸರ ಪತ್ನಿ ಎಂದೇ ಹೆಚ್ಚು ಪರಿಚಿತರಾದ ಈ ಅಬಲಾ ಬೋಸ್ 1919ರಲ್ಲಿ ನಾರಿ ಶಿಕ್ಷಾ ಸಮಿತಿ ಕಟ್ಟಿ ಹಳ್ಳಿಗಳಲ್ಲಿ ಬಾಲಿಕಾ ಶಾಲೆಗಳನ್ನು ತೆರೆದರು, ವಿಧವೆಯರನ್ನು ಶಿಕ್ಷಕಿಯರನ್ನಾಗಿ ತಯಾರು ಮಾಡುವ ಮನೆಯೊಂದನ್ನು ವಿದ್ಯಾಸಾಗರರ ಹೆಸರಿನಲ್ಲಿ ನಡೆಸಿದರು. ಮೇರಿ ಕಾರ್ಪೆಂಟರ್ ಕಾಲದಲ್ಲಿ ಆಗದ ಕೆಲಸ ಐವತ್ತು ವರ್ಷಗಳ ಬಳಿಕ ಹಳೆಯ ವಿದ್ಯಾರ್ಥಿನಿಯ ಕೈಯಲ್ಲಿ ಆಯಿತು. ಎಂಟ್ರೆನ್ಸ್ ತಪ್ಪಿಸಿಕೊಂಡ ಅಕ್ಕ ಸರಳಾ ರಾಯ್ 1920ರಲ್ಲಿ ಗೋಖಲೆ ಸ್ಮಾರಕ ಬಾಲಿಕಾ ಶಾಲೆಯನ್ನು ಸ್ಥಾಪಿಸಿದರು. ಅದು ಇಂದೂ ನಡೆಯುತ್ತಿದೆ.

ಕಾಮಿನಿ ಸೇನ್ 1886ರಲ್ಲಿ ಬೆಥೂನ್‌ನಿಂದ ಸಂಸ್ಕೃತದಲ್ಲಿ ಆನರ್ಸ್ ಪಡೆದು ಅಲ್ಲೇ ಅಧ್ಯಾಪಕಿಯಾದರು. 1889ರಲ್ಲಿ ಬಂದ ‘ಆಲೋ ಓ ಛಾಯಾ’ ಕವನ ಸಂಕಲನ ಅವರನ್ನು ಕಾಮಿನಿ ರಾಯ್ ಎಂಬ ಮದುವೆಯ ನಂತರದ ಹೆಸರಿನಲ್ಲಿ ಬಂಗಾಳಿ ಕಾವ್ಯದೊಳಗೆ ನಿಲ್ಲಿಸಿತು. ಹೆಂಗಸರ ಮತದಾನದ ಹಕ್ಕಿಗಾಗಿ ಬಂಗೀಯ ನಾರಿ ಸಮಾಜದ ಮೂಲಕ ಹೋರಾಡಿದರು. ಮದರಾಸು ಪ್ರಾಂತ 1921ರಲ್ಲೇ ಆ ಹಕ್ಕು ಕೊಟ್ಟಿತ್ತು. ಅದೇ ವರ್ಷ ಬಂಗಾಳದ ಶಾಸನ ಸಭೆ ತಿರಸ್ಕರಿಸಿತು, 1925ರಲ್ಲಿ ಒಪ್ಪಿತು. ಹೆಣ್ಣುಮಕ್ಕಳ ಓದಿನಲ್ಲಿ ಮುಂದಿದ್ದ ಪ್ರಾಂತ ಮತದಲ್ಲಿ ಹಿಂದೆ ಬಿದ್ದದ್ದು ಗಮನಿಸಬೇಕಾದ ಸಂಗತಿ. ಕಾಮಿನಿಯ ತಂಗಿ ಜಾಮಿನಿ ಸೇನ್ ಇದೇ ಸಂಸ್ಥೆಯಲ್ಲಿ ಓದಿ ವೈದ್ಯೆಯಾದರು, ನೇಪಾಳದ ಅರಮನೆಯಲ್ಲಿ ಹತ್ತು ವರ್ಷ ಕೆಲಸ ಮಾಡಿ, 1912ರಲ್ಲಿ ಗ್ಲಾಸ್ಗೋ ವೈದ್ಯ ಸಂಸ್ಥೆಯ ಫೆಲೋ ಆದ ಮೊದಲ ಮಹಿಳೆಯಾದರು.

ಕನ್ನಡ ನಾಡಿಗೆ ನೇರವಾಗಿ ಸಂಬಂಧಪಟ್ಟ ಹಳೆಯ ವಿದ್ಯಾರ್ಥಿನಿ ಸರಳಾದೇವಿ ಘೋಷಾಲ್. ಲೇಖಕಿ ಸ್ವರ್ಣಕುಮಾರಿ ದೇವಿಯ ಮಗಳು, ರವೀಂದ್ರನಾಥ ಠಾಕೂರರ ಸೋದರ ಸೊಸೆ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರೂ ಆಕೆಗೆ ಸೋದರಮಾವ. ಬೆಥೂನ್‌ನಲ್ಲಿ ಓದಿ 1890ರಲ್ಲಿ ಇಂಗ್ಲಿಷ್ ಆನರ್ಸಿನೊಂದಿಗೆ ಬಿ.ಎ. ಮಾಡಿ, ಹೆಣ್ಣುಮಕ್ಕಳಲ್ಲಿ ಮೊದಲಿಗರಾದವರಿಗೆ ಕೊಡುವ ಪದ್ಮಾವತಿ ಚಿನ್ನದ ಪದಕ ಪಡೆದರು. ಬಡತನವಿರಲಿಲ್ಲ, ದುಡಿಯುವ ಅಗತ್ಯವಿರಲಿಲ್ಲ. ಗಂಡಸರ ಹಾಗೆ ಸ್ವತಂತ್ರವಾಗಿ ಸಂಪಾದಿಸಬೇಕು ಎಂಬ ಹಟದಿಂದ ಮನೆಯವರನ್ನು ಒಪ್ಪಿಸಿ 1890ರ ದಶಕದ ನಡುವಿನಲ್ಲಿ ಮೈಸೂರಿಗೆ ಬಂದು ಮಹಾರಾಣಿ ಬಾಲಿಕಾ ಶಾಲೆಯಲ್ಲಿ ಅಧ್ಯಾಪಕಿಯಾದರು. ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲಿ ಆರಂಭವಾಗಿದ್ದ ಆ ಶಾಲೆ ಆ ವೇಳೆಗೆ ದಕ್ಷಿಣದ ಹೆಸರಾಂತ ಹೆಣ್ಣುಮಕ್ಕಳ ಶಾಲೆಗಳಲ್ಲಿ ಒಂದಾಗಿತ್ತು. ಕನ್ನಡ ಓದುಗರು ಆಗ ಬಿ. ವೆಂಕಟಾಚಾರ್ಯರ ಅನುವಾದಗಳಲ್ಲಿ ಬಂಕಿಮಚಂದ್ರರ ನಾಯಕಿಯರನ್ನು ಪರಿಚಯ ಮಾಡಿಕೊಳ್ಳುತ್ತಿದ್ದರು. ಕಾದಂಬರಿಯಲ್ಲಿ ಇನ್ನೂ ಬಾರದಂಥ ಬಂಗಾಳಿ ಹೆಣ್ಣೊಬ್ಬಳು ಮೈಸೂರಿನಲ್ಲೇ ಪಾಠ ಹೇಳುತ್ತಿದ್ದಳು.

ಆಕೆ ಇಲ್ಲಿ ಹೆಚ್ಚು ಕಾಲ ಇರಲಿಲ್ಲ. ಒಂಟಿಯಾಗಿ ವಾಸವಾಗಿದ್ದ ಮನೆಗೆ ಒಂದು ರಾತ್ರಿ ಯಾರೋ ನುಗ್ಗಿದ ಪ್ರಸಂಗ, ಅನಾರೋಗ್ಯ, ಇವುಗಳ ನಂತರ ಕಲ್ಕತ್ತಕ್ಕೆ ಮರಳಿದರು. ಆದರೆ ಬರಿಗೈಯಲ್ಲಿ ಹೋಗಲಿಲ್ಲ. ಮೈಸೂರಿನಲ್ಲಿ ಕಲಿತ ಹಾಡುಗಳ ಮಟ್ಟುಗಳನ್ನು ಸೋದರಮಾವ ರವೀಂದ್ರನಾಥರ ಮುಂದೆ ಹಾಡಿ ತೋರಿಸಿದುದನ್ನೂ, ‘ಆನಂದಲೋಕೆ ಮಂಗಳಾಲೋಕೆ’, ‘ಎ ಕಿ ಲಾವಣ್ಯೆ ಪೂರ್ಣ ಪ್ರಾಣ’ ಮೊದಲಾದ ರವೀಂದ್ರ ಗೀತೆಗಳು ಆ ಮಟ್ಟುಗಳಿಂದ ಹುಟ್ಟಿದುದನ್ನೂ ತಮ್ಮ ‘ಜೀಬನೇರ್ ಝರಾಪಾತಾ’ ಎಂಬ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮುಂದೆ ‘ಭಾರತಿ’ ಪತ್ರಿಕೆಯ ಸಂಪಾದಕಿಯಾಗಿ, ಸ್ವದೇಶಿ ಚಳವಳಿಯ ಮುಂದಾಳಾಗಿ, 1910ರಲ್ಲಿ ಭಾರತ ಸ್ತ್ರೀ ಮಹಾಮಂಡಲವನ್ನು ಕಟ್ಟಿದವರಾಗಿ ಆಕೆಯ ಹೆಸರು ದೇಶಕ್ಕೆ ತಿಳಿಯಿತು.

ಈ ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ದಾಸ್, ಬಸು, ಸೇನ್, ಘೋಷಾಲ್: ಎಲ್ಲರೂ ಮೇಲುಜಾತಿಯ ಹಿಂದೂ, ಬ್ರಾಹ್ಮ ಅಥವಾ ಕ್ರೈಸ್ತ ಮನೆಗಳವರು. ‘ಗೌರವಸ್ಥ ಹಿಂದೂ ಮನೆತನಗಳ’ ಮಕ್ಕಳಿಗೆ ಮಾತ್ರ ಎಂಬುದು ಶಾಲೆಯ ಮೊದಲ ನಿಯಮವಾಗಿತ್ತು. ಅದೇ ಕಾಲದಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳು ತೆರೆದ ಶಾಲೆಗಳು ಯಾರನ್ನು ಕರೆಯುತ್ತಿದ್ದವು ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ. ಬೆಥೂನರು ತಿಳಿದೇ ಮಾಡಿದ ಆಯ್ಕೆ ಇದು. ಮೇಲಿನವರು ಕಲಿತರೆ ಉಳಿದವರು ಹಿಂಬಾಲಿಸುತ್ತಾರೆ ಎಂಬ ನಂಬಿಕೆ. ಕಾಯಬೇಕಾದವರು ಬಹಳ ಕಾಲ ಕಾಯಬೇಕಾಯಿತು. ಕಲ್ಕತ್ತದ ಮುಸ್ಲಿಂ ಹುಡುಗಿಯರಿಗಾಗಿ ರೋಕೆಯಾ ಸಖಾವತ್ ಹುಸೇನ್ 1911ರಲ್ಲಿ ಎಂಟು ಮಂದಿಯನ್ನು ಕೂಡಿಸಿಕೊಂಡು ಬೇರೆಯದೇ ಶಾಲೆ ತೆರೆಯಬೇಕಾಯಿತು. ಪರದೆ ಕಟ್ಟಿದ ಗಾಡಿ, ಮನೆಮನೆಗೆ ಹೋಗಿ ಬೇಡುವುದು, ಅಣಕ, ಎಲ್ಲವೂ ಅರವತ್ತು ವರ್ಷ ತಡವಾಗಿ ಇನ್ನೊಮ್ಮೆ ಮೊದಲಿನಿಂದ ನಡೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಶಾಲೆಯೂ ಕಾಲೇಜೂ ನಗರದ ಮಧ್ಯಮ ವರ್ಗದ ಸಾಮಾನ್ಯ ಸಂಸ್ಥೆಗಳಾದವು. ಶಾಲೆಯಲ್ಲೂ ಕಾಲೇಜಿನಲ್ಲೂ ಓದಿದ ಅಸೀಮಾ ಚಟರ್ಜಿ 1944ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದರು, 1961ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು, 1975ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. ಬಂಗಾಳಿಗಳು ಸುಷ್ನಿ ಎನ್ನುವ ಸೊಪ್ಪಿನಿಂದ ಅಪಸ್ಮಾರಕ್ಕೆ ಔಷಧ ತಯಾರಿಸಿದ್ದು ಅವರ ಕೆಲಸಗಳಲ್ಲಿ ಒಂದು. ಲೀಲಾ ನಾಗ್ 1921ರಲ್ಲಿ ಕಾಲೇಜಿನಿಂದ ಪದವಿ ಪಡೆದು, ಢಾಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವಿದ್ಯಾರ್ಥಿನಿಯಾಗಿ, ಅಲ್ಲಿ ದೀಪಾಲಿ ಸಂಘ ಕಟ್ಟಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು.

ಸರ್ಕಾರ ನಡೆಸುವ ಸಂಸ್ಥೆಯಿಂದಲೇ ಸರ್ಕಾರದ ಮೇಲೆ ಬಂದೂಕು ಎತ್ತಿದವರೂ ಬಂದರು. ಚಿತ್ತಗಾಂಗ್‌ನ ಕ್ರಾಂತಿಕಾರಿ ಸೂರ್ಯ ಸೇನ್ ತಂಡಕ್ಕೆ ಸೇರಿದ ಕಲ್ಪನಾ ದತ್ತ ಬೆಥೂನ್ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವರು. ಅಲ್ಲೇ ಕೆಲಕಾಲ ಓದಿದ ಬೀನಾ ದಾಸ್ 1932ರ ಫೆಬ್ರವರಿ 6ರಂದು ಕಲ್ಕತ್ತ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುಲಾಧಿಪತಿಯೂ ಆಗಿದ್ದ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಮೇಲೆ ಗುಂಡು ಹಾರಿಸಿದರು. ಹಿಂದೆ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿದ್ದ ಜಾಕ್ಸನ್ ತಲೆ ತಪ್ಪಿಸಿಕೊಂಡು ಬದುಕಿದರು. ಬೀನಾ ದಾಸ್‌ಗೆ ಒಂಬತ್ತು ವರ್ಷ ಕಠಿಣ ಸಜೆಯಾಯಿತು. ಪ್ರೀತಿಲತಾ ವಡ್ಡೇದಾರ್ ಅದೇ ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಬಿ.ಎ. ಮುಗಿಸಿ, ಊರಾದ ಚಿತ್ತಗಾಂಗ್‌ಗೆ ಹಿಂದಿರುಗಿ ಬಾಲಿಕಾ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾದರು. ಸೆಪ್ಟೆಂಬರಿನಲ್ಲಿ ಪಹಾಡತಲಿಯ ಯುರೋಪಿಯನ್ ಕ್ಲಬ್ಬಿನ ಮೇಲೆ ನಡೆದ ದಾಳಿಯ ನೇತೃತ್ವ ವಹಿಸಿ, ಸೆರೆಸಿಕ್ಕದಿರಲೆಂದು ವಿಷ ನುಂಗಿದರು. ವಯಸ್ಸು ಇಪ್ಪತ್ತೊಂದು. ಬ್ರಿಟಿಷ್ ಆಡಳಿತ ಇವರಿಬ್ಬರ ಪದವಿಗಳನ್ನು ತಡೆಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಡತ ಅಲುಗಲಿಲ್ಲ. ಪ್ರೀತಿಲತಾ ಮತ್ತು ಬೀನಾ ದಾಸ್ ಅವರ ಪದವಿ ಪ್ರಮಾಣಪತ್ರಗಳನ್ನು ಕಲ್ಕತ್ತ ವಿಶ್ವವಿದ್ಯಾಲಯ ಮರಣೋತ್ತರವಾಗಿ ಕೊಟ್ಟದ್ದು 2012ರಲ್ಲಿ.